ಮೂರನೆಯ ಬಾಗಿಲಿನ ಸೊಪ್ಪಿನ ಜಡೆ

ಅಪರಾನ್‌ಗೆ ಹೋಗುವ ಹೆದ್ದಾರಿಯ ಪಕ್ಕ, ನಮ್ಮ ಅಕ್ಷರಮಾಲೆಯ ಒಂದೊಂದು ಅಕ್ಷರವನ್ನೂ ಆಳೆತ್ತರ ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿರುವ ಇಳಿಜಾರಿನ ಬುಡದಲ್ಲಿ, ಮೇ ತಿಂಗಳು ಹುಟ್ಟಿತೆಂದರೆ ಅರ್ಪೆನಿಕ್ ತನ್ನ ಮಣೆ ಹಾಕಿಕೊಂಡು ಕೂರುತ್ತಾಳೆ. ಮುಂದೆ ಎರಡು ಹಣ್ಣಿನ ಪೆಟ್ಟಿಗೆ, ಅದರ ಮೇಲೊಂದು ಹಲಗೆ. ಹಲಗೆಯ ಮೇಲೆ ಉಣ್ಣೆಯ ಕಾಲುಚೀಲ, ಚಹಾಕ್ಕೆ ಹಾಕುವ ಬೆಟ್ಟದ ಹೂವು. ಬೆನ್ನ ಹಿಂದೆ ಕಟ್ಟಿದ ಹಗ್ಗಕ್ಕೆ ಸಾಲಾಗಿ ತೂಗುಬಿಟ್ಟ ಅವೆಲುಕ್ ಸೊಪ್ಪಿನ ಜಡೆಗಳು.

ಅವೆಲುಕ್ ಯಾರೂ ಬಿತ್ತದೆ ಬೆಟ್ಟದಲ್ಲಿ ತಾನಾಗಿ ಬರುವ ಸೊಪ್ಪು. ಹಸಿಯಾಗಿ ಬಾಯಿಗಿಟ್ಟರೆ ಕಹಿ. ಹೆಂಗಸರು ಗುಂಪಾಗಿ ಕೂತು, ಹುಡುಗಿಯರ ಕೂದಲು ಹೆಣೆದ ಹಾಗೆ ಮಾರುದ್ದ ಜಡೆ ಹೆಣೆದು ನೆರಳಲ್ಲಿ ತೂಗುಹಾಕುತ್ತಾರೆ. ಒಣಗುತ್ತ ಒಣಗುತ್ತ ಕಹಿ ಇಳಿಯುತ್ತದೆ. ಚಳಿಗಾಲದಲ್ಲಿ ಬೆಳ್ಳುಳ್ಳಿ ಜಜ್ಜಿ ಹಾಕಿ ಕುದಿಸಿದರೆ ಮಾಂಸದ ನೆನಪೇ ಬಾರದಂಥ ಸಾರು. ಜಡೆ ಕಂಡರೆ ಸಾಕು, ಇದು ಇಂಥವಳ ಕೈ ಎಂದು ನಮ್ಮ ಕಡೆಯ ಹೆಂಗಸರು ಹೇಳಿಬಿಡುತ್ತಾರೆ. ಒಬ್ಬಳದು ಬಿಗಿ, ಒಬ್ಬಳದು ಸಡಿಲ, ಇನ್ನೊಬ್ಬಳು ತುದಿಗೆ ಕೆಂಪು ದಾರವನ್ನೇ ಕಟ್ಟಬೇಕು.

ಅಕ್ಷರ ನೋಡಲು ಬಂದವರು ಮೊದಲು ಹುಡುಕುವುದು ತಮ್ಮ ಹೆಸರಿನ ಅಕ್ಷರವನ್ನು. ಅದನ್ನು ತಬ್ಬಿಕೊಂಡು ಫೋಟೋ ತೆಗೆಸಿಕೊಂಡು, ಆಮೇಲೆ ಅಮ್ಮನದು, ಹೆಂಡತಿಯದು, ಊರಲ್ಲಿ ಬಿಟ್ಟುಬಂದ ಗೆಳತಿಯದು. ಹೊರದೇಶದಲ್ಲಿ ಹುಟ್ಟಿ ಬೆಳೆದು, ನಮ್ಮ ಮಾತು ಬಂದರೂ ಅಕ್ಷರ ಬಾರದವರು ಅರ್ಪೆನಿಕ್‌ಳನ್ನು ಕೇಳುತ್ತಾರೆ. ಓದಿದ್ದು ಎಂಟೇ ತರಗತಿಯಾದರೂ ಮೂವತ್ತೊಂಬತ್ತು ಕಲ್ಲುಗಳನ್ನೂ ಅವಳು ಮನೆಯ ಹಸುಗಳನ್ನು ಬಲ್ಲ ಹಾಗೆ ಬಲ್ಲಳು. "ನಿಮ್ಮದಾ? ಅಗೋ, ಆ ಕೆಂಪಗಿರೋ ಕಲ್ಲಿನ ಹಿಂದೆ ಬೆನ್ನು ಬಗ್ಗಿಸಿಕೊಂಡು ನಿಂತಿದೆಯಲ್ಲ, ಅದು," ಎಂದು ಕುಳಿತಲ್ಲಿಂದಲೇ ಕೈ ತೋರಿಸುತ್ತಾಳೆ.

ಅವಳದೇ ಒಂದು ಪದ್ಧತಿ ಉಂಟು. ಪ್ರತಿ ವರ್ಷ ತಾನು ಹೆಣೆದ ಮೊದಲ ಜಡೆಯನ್ನು ಮಾರುವುದಿಲ್ಲ. ಕಲ್ಲಿನ ಅಕ್ಷರಗಳಲ್ಲಿ ಒಂದಕ್ಕೆ ತೂಗುಹಾಕಿ ಬರುತ್ತಾಳೆ. ಮೊದಲ ವರ್ಷ ಮೊದಲನೆಯ ಅಕ್ಷರ, ಮರುವರ್ಷ ಎರಡನೆಯದು, ಹೀಗೆ ಸಾಲಾಗಿ. ನಾನು ಹೇಳುತ್ತಿರುವ ವರ್ಷ ಹದಿನೆಂಟನೆಯದರ ಸರದಿ. ಅದರ ಹೆಸರು ಘಾತ್.

ಪಕ್ಕದಲ್ಲಿ ಜೇನು ಮಾರುವ ನಾಝಿಕ್‌ಗೆ ಇದೊಂದು ವರ್ಷವಿಡೀ ಸಾಲುವ ತಮಾಷೆ.

"ಘಾತಾ? ಆ ಅಕ್ಷರದಿಂದ ಹೆಂಗಸಿನ ಹೆಸರೇ ಇಲ್ವಲ್ಲೇ! ಘಾಝಾರ್, ಘುಕಾಸ್, ಎಲ್ಲ ಮೀಸೆಯೋರೇ. ನಿಂಗೆ ಸೊಪ್ಪು ತಂದಿಡ್ತಿದ್ದೋನು ಗಂಡಸು ಅಂತಾದ್ರೆ ಮಕ್ಕಳಿಗೆ ಏನು ಹೇಳ್ತೀಯ?"

"ಹಂಗೆ ಜಡೆ ಹಾಕೋಕೆ ಬರೋ ಗಂಡಸು ಸಿಕ್ಕಿದ್ರೆ ಆಗಲೇ ಮದುವೆ ಆಗಿಬಿಡ್ತಿದ್ದೆ, ಹೋಗೇ."

"ಲೆಕ್ಕ ಹಾಕಿದೀಯಾ? ಕೊನೇ ಅಕ್ಷರಕ್ಕೆ ಬರೋ ಹೊತ್ತಿಗೆ ನಿಂಗೆ ಎಂಬತ್ತೊಂಬತ್ತು."

"ಇರ್ತೀನಿ ಬಿಡು. ನಿನ್ನ ಜೇನು ತಿಂದ್ಕೊಂಡು."

ನಗುತ್ತಲೇ ಹೇಳುತ್ತಿದ್ದಳು. ಆದರೆ ಜಡೆ ತೂಗುಹಾಕುವಾಗ ನಗುತ್ತಿರಲಿಲ್ಲ. ಅದರ ಹಿಂದೆ ಮೂವತ್ತು ವರ್ಷದ ಒಂದು ಋಣವಿತ್ತು. ಯಾರಿಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಅದಕ್ಕೂ ಕೆಲವು ವರ್ಷ ಮೊದಲಿನ ದೊಡ್ಡ ಭೂಕಂಪದಲ್ಲಿ ಅರ್ಪೆನಿಕ್‌ಳ ಗಂಡ ಮಾರ್ತೂನ್ ಸ್ಪಿತಾಕ್‌ನಲ್ಲಿ ಕೆಲಸ ಮಾಡುತ್ತಿದ್ದ ಕಟ್ಟಡದ ಕೆಳಗೇ ಉಳಿದುಹೋದ. ಮನೆಯೂ ಹೋಯಿತು. ಮೂರು ಮಕ್ಕಳನ್ನು ಕಟ್ಟಿಕೊಂಡು ಅವಳು ಈ ಕಡೆ ಬಂದಳು. ಊರ ಹೊರಗೆ, ರಸ್ತೆಗೂ ನೀರಿನ ಚಿಲುಮೆಗೂ ನಡುವೆ, ಮನೆ ಕಳೆದುಕೊಂಡವರಿಗೆಂದು ಆರು ತಗಡಿನ ಮನೆಗಳನ್ನು ಒಂದೇ ಸಾಲಿನಲ್ಲಿ ಇಟ್ಟಿದ್ದರು. ಆರಕ್ಕೂ ಒಂದೇ ಅಳತೆ, ಒಂದೇ ನೀಲಿ ಬಾಗಿಲು. ರಸ್ತೆಯಿಂದ ಮೂರನೆಯದು ಅರ್ಪೆನಿಕ್‌ಳದು. ಅದರ ಪಕ್ಕದ್ದು ಹೆರ್ಮಿನೆ ಎಂಬ ವಯಸ್ಸಾದ ಹೆಂಗಸಿನದು. ಅವಳ ಮನೆಯೂ ಬಿದ್ದಿತ್ತು, ಬಲಗೈ ಬೆರಳುಗಳು ಕಲ್ಲಿನಡಿ ಸಿಕ್ಕಿ ಜಜ್ಜಿಹೋಗಿದ್ದವು. ಎಡಗೈಯಲ್ಲೇ ಒಲೆ ಹಚ್ಚುವಳು, ಎಡಗೈಯಲ್ಲೇ ಬೈಯುವಳು. ಬೈಯುವಾಗ ಆ ಕೈ ಆಡದಿದ್ದರೆ ಅವಳಿಗೆ ಮಾತೇ ಹೊರಡದು.

ಆಮೇಲೆ ಬಂತು ಕತ್ತಲೆಯ ವರ್ಷ. ದೀಪವಿಲ್ಲ, ಗ್ಯಾಸಿಲ್ಲ, ರೊಟ್ಟಿ ಚೀಟಿಯ ಮೇಲೆ. ಒಲೆಗೆ ಹಳೆ ಬೂಟು ಹಾಕಿದವರಿದ್ದಾರೆ. ಅಂಥ ನವೆಂಬರಿನ ಒಂದು ಶುಕ್ರವಾರ ಬೆಳಿಗ್ಗೆ ಅರ್ಪೆನಿಕ್ ಬಾಗಿಲು ತೆಗೆದರೆ, ಹಿಡಿಕೆಗೆ ಅವೆಲುಕ್ ಜಡೆ ತೂಗುತ್ತಿದೆ. ಒಣಗಿದ್ದು, ದಪ್ಪದ್ದು, ಮಾರುದ್ದ. ಹಿಮದಲ್ಲಿ ಬಂದು ಹೋದ ಹೆಜ್ಜೆ ಇದೆ, ಆಳಿಲ್ಲ. ಮುಂದಿನ ಶುಕ್ರವಾರ ಇನ್ನೊಂದು. ಅದರ ಮುಂದಿನದಕ್ಕೂ. ಮಾರ್ಚಿನವರೆಗೆ ಒಟ್ಟು ಹದಿನೇಳು.

ಎಲ್ಲವೂ ಒಂದೇ ಕೈ. ಎಲ್ಲರೂ ಮೂರು ಎಳೆ ಹೆಣೆದರೆ ಇದು ನಾಲ್ಕು ಎಳೆ. ತುದಿಗೆ ದಾರ ಕಟ್ಟಿರಲಿಲ್ಲ. ತುದಿಯನ್ನು ಹಿಂದಕ್ಕೆ ಮಡಿಸಿ ಜಡೆಯೊಳಕ್ಕೇ ಸೇರಿಸಿಬಿಟ್ಟಿದ್ದರು, ಎಳೆದರೂ ಬಿಚ್ಚದು. ಅರ್ಪೆನಿಕ್ ಸಾರಿಗೆ ಹಾಕುವ ಮೊದಲು ಬಿಡಿಸಿ ನೋಡುವಳು, ತಿರುಗಿ ಹೆಣೆಯಲು ಹೋಗುವಳು. ಬೆರಳಿಗೆ ದಕ್ಕುತ್ತಿರಲಿಲ್ಲ. ಊರ ಹೆಂಗಸರನ್ನೆಲ್ಲ ಕೇಳಿದಳು. ನಮ್ಮೂರ ಕೈ ಅಲ್ಲ ಎಂದರು ಎಲ್ಲರೂ.

ಸಾರು ಕುದಿಸಿದ ದಿನ ಪಕ್ಕದ ಮನೆಗೊಂದು ಬೋಗುಣಿ ಹೋಗಲೇಬೇಕು. ನಮ್ಮಲ್ಲಿ ಅದು ದಾನವಲ್ಲ, ವಾಡಿಕೆ. ಹೆರ್ಮಿನೆ ಬೋಗುಣಿ ತೊಳೆದು ಹಿಂದಿರುಗಿಸುವಾಗ ಖಾಲಿ ಕೊಡಬಾರದೆಂದು ಒಂದು ಚಿಟಿಕೆ ಉಪ್ಪನ್ನಾದರೂ ಹಾಕಿ ಕೊಡುವಳು.

ಫೆಬ್ರವರಿಯಲ್ಲೊಂದು ದಿನ ಹೆರ್ಮಿನೆ ಕೆಂಡಕ್ಕೆಂದು ಬಂದವಳು ಗೋಡೆಯ ಮೊಳೆಗೆ ತೂಗುತ್ತಿದ್ದ ಜಡೆ ನೋಡಿ ನಿಂತಳು. ಎಡಗೈಯಿಂದ ಮೇಲಿಂದ ಕೆಳಗೆ ಸವರಿದಳು. ತುದಿಯನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದಳು.

"ಇದೆಲ್ಲಿಂದ ಬಂತು, ಸೊಸೇ?"

ಗಂಡನಿಲ್ಲದ ಅರ್ಪೆನಿಕ್‌ಳನ್ನು ಅವಳು ಸೊಸೆ ಎಂದೇ ಕರೆಯುತ್ತಿದ್ದಳು.

"ಯಾರೋ ಶುಕ್ರವಾರ ಶುಕ್ರವಾರ ಬಾಗಿಲಿಗೆ ಹಾಕಿ ಹೋಗ್ತಾರೆ, ಹೆರ್ಮಿನೆ ಅಕ್ಕ. ಯಾರು ಅಂತ ಗೊತ್ತಿಲ್ಲ. ಈ ಶುಕ್ರವಾರ ಬಾಗಿಲ ಹಿಂದೆ ಕಾದು ಹಿಡಿಯೋಣ ಅಂತಿದೀನಿ. ಕಾಲಿಗಾದ್ರೂ ಬೀಳ್ತೀನಿ."

ಮೂರು ಮಕ್ಕಳೂ ಒಂದೇ ತಟ್ಟೆಗೆ ಕೈಹಾಕಿ ಸೊಪ್ಪು ಬಳಿದು ತಿನ್ನುತ್ತಿದ್ದವು. ಹೆರ್ಮಿನೆ ಅವನ್ನೇ ನೋಡುತ್ತ ಕೂತಳು. ಒಯ್ಯಲೆಂದು ತೆಗೆದಿಟ್ಟ ಕೆಂಡ ಚಟ್ಟಿಯಲ್ಲೇ ಬೂದಿಯಾಯಿತು.

"ಕಾಯಬೇಡ," ಎಂದಳು ಕೊನೆಗೆ. "ಹುಡುಕಬೇಡ. ಹುಡುಕಿದ್ರೆ ನಿಂತುಹೋಗುತ್ತೆ."

ಹೊರಡುವಾಗ ಬಾಗಿಲಲ್ಲಿ ತಿರುಗಿ, "ಒಂದು ಜಡೆ ನಂಗೆ ಕೊಡ್ತೀಯಾ?" ಎಂದು ಕೇಳಿದಳು. ಅರ್ಪೆನಿಕ್ ಕೊಟ್ಟಳು. ಸಂಜೆ ಹೆರ್ಮಿನೆ ತನ್ನ ಉಣ್ಣೆಯ ಶಾಲು ತಂದು ಚಿಕ್ಕ ಮಗಳಿಗೆ ಹೊದಿಸಿ ಹೋದಳು. ಒಂದು ಸೊಪ್ಪಿನ ಜಡೆಗೆ ಇಷ್ಟು ದೊಡ್ಡ ಶಾಲೇ ಎಂದು ಅರ್ಪೆನಿಕ್‌ಗೆ ಸಂಕೋಚ. ಅದಕ್ಕಿಂತ ಸೋಜಿಗವೆಂದರೆ, ಆ ಜಡೆಯನ್ನು ಹೆರ್ಮಿನೆ ಬೇಯಿಸಲೇ ಇಲ್ಲ. ಒಲೆಯ ಪಕ್ಕದ ಮೊಳೆಗೆ ತೂಗುಹಾಕಿದಳು. ನಾಲ್ಕು ವರ್ಷದ ಮೇಲೆ ಅವಳ ಮಗ ಅಪರಾನ್‌ನಲ್ಲಿ ಮನೆ ಮಾಡಿ ಕರೆದೊಯ್ದಾಗ, ಒಂದೆಲೆಯೂ ಮುರಿಯದಂತೆ ಆ ಜಡೆಯನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡೇ ಗಾಡಿ ಹತ್ತಿದಳು. ಮುದುಕಿಯ ಮರುಳು ಎಂದುಕೊಂಡಳು ಅರ್ಪೆನಿಕ್. ಐದಾರು ವರ್ಷಕ್ಕೆ ಹೆರ್ಮಿನೆ ತೀರಿಕೊಂಡಳೆಂದು ಸುದ್ದಿ ಬಂತು.

ಮಕ್ಕಳು ಮೂವರೂ ದೊಡ್ಡವರಾದರು. ಅರ್ಪೆನಿಕ್ ಇಗರ್ಜಿಗೆ ಹೋಗಿ ಮೇಣದ ಬತ್ತಿ ಹಚ್ಚುವಾಗ ಒಬ್ಬೊಬ್ಬರ ಹೆಸರು ಹೇಳುವಳು. ಕೊನೆಯ ಬತ್ತಿಗೆ ಮಾತ್ರ ಹೆಸರಿಲ್ಲ. ಪಾದ್ರಿಯನ್ನು ಕೇಳಿದ್ದಕ್ಕೆ, "ವಿಳಾಸ ದೇವರಿಗೆ ಗೊತ್ತಿರುತ್ತೆ, ನೀನು ಹಚ್ಚಮ್ಮ," ಎಂದರು. ಅವಳಿಗೆ ಸಮಾಧಾನವಾಗಲಿಲ್ಲ. ಒಂದು ಸಲವಾದರೂ ಆ ಕೈ ಹಿಡಿದು, ನನ್ನ ಮಕ್ಕಳು ಬದುಕಿದವು ಎಂದು ಹೇಳದೆ ಸಾಯಬಾರದೆಂಬುದೊಂದೇ ಹಂಬಲ. ಹೆದ್ದಾರಿಯ ಪಕ್ಕ ಕಲ್ಲಿನ ಅಕ್ಷರಗಳು ಎದ್ದುನಿಂತ ಮೇಲೆ ಅವಳಿಗೆ ಈ ಉಪಾಯ ಹೊಳೆಯಿತು. ಆ ಪುಣ್ಯಾತ್ಮಳ ಹೆಸರು ಇವುಗಳಲ್ಲಿ ಒಂದರಿಂದ ಶುರುವಾಗಲೇಬೇಕಲ್ಲ. ಎಲ್ಲಕ್ಕೂ ಒಂದೊಂದು ಜಡೆ ಹಾಕಿದರೆ ಅವಳದಕ್ಕೂ ಹಾಕಿದಂತಾಯಿತು.

ಘಾತ್‌ನ ವರ್ಷ, ಮೇ ಕೊನೆಯ ವಾರ, ಮಧ್ಯಾಹ್ನದ ಹೊತ್ತಿಗೆ ಒಂದು ಹಳದಿ ಬಸ್ಸು ಬಂದು ನಿಂತಿತು. ಮೇಲಿನ ಊರಿನ ಶಾಲೆಯ ಒಂದನೇ ತರಗತಿ. ಅಕ್ಷರ ಕಲಿತು ಮುಗಿಸಿದ ಹಬ್ಬಕ್ಕೆ ಮಕ್ಕಳನ್ನು ಕರೆತಂದಿದ್ದರು. ಬಿಳಿ ಅಂಗಿ, ಹುಡುಗಿಯರ ತಲೆಯಲ್ಲಿ ಎಲೆಕೋಸಿನ ಗಾತ್ರದ ಬಿಳಿ ರಿಬ್ಬನ್ನು. ಇಳಿದವೇ ತಮ್ಮ ತಮ್ಮ ಅಕ್ಷರದ ಕಡೆಗೆ ಕುರಿಮರಿಗಳಂತೆ ಚದುರಿದವು.

ಈ ಇಳಿಜಾರಿನ ಗಾಳಿಗೆ ರಿಬ್ಬನ್ನು ಯಾವ ಲೆಕ್ಕ. ಒಂದು ಹುಡುಗಿಯ ರಿಬ್ಬನ್ನು ಕಿತ್ತುಕೊಂಡು ಹಾರಿ ಅರ್ಪೆನಿಕ್‌ಳ ಕಾಲುಚೀಲಗಳ ಮೇಲೆ ಬಿತ್ತು. ಹಿಂದೆಯೇ ಹುಡುಗಿ ಅಳುಮೋರೆಯಲ್ಲಿ ಓಡಿಬಂದಳು.

"ಅಳಬೇಡ, ಪುಟ್ಟೀ. ಬಾ, ನಾನು ಕಟ್ತೀನಿ. ನಿನ್ನ ಹೆಸರೇನು?"

"ತಾತೆವ್."

ರಿಬ್ಬನ್ನು ಕಟ್ಟಲೆಂದು ಅರ್ಪೆನಿಕ್ ಜಡೆ ಹಿಡಿದಳು. ರಿಬ್ಬನ್ನು ಹೋದರೂ ಜಡೆ ಒಂದು ಕೂದಲೂ ಬಿಚ್ಚಿರಲಿಲ್ಲ. ಎಳೆ ಎಣಿಸಿದಳು, ನಾಲ್ಕು. ತುದಿ ಹಿಂದಕ್ಕೆ ಮಡಿದು ಒಳಗೆ ಸೇರಿಕೊಂಡಿತ್ತು. ಅವಳು ಜಡೆಯನ್ನು ಬಿಗಿಯಾಗಿ ಹಿಡಿದುಬಿಟ್ಟಳು.

"ಅಜ್ಜೀ, ನೋಯ್ತಿದೆ," ಎಂದಿತು ಮಗು.

"ಈ ಜಡೆ ಯಾರು ಹಾಕಿದ್ದು, ಕಂದಾ?"

"ಝಾಬೆಲ್ ಅಜ್ಜಿ. ಅಪ್ಪನ ಅಜ್ಜಿ. ಬಸ್ಸಲ್ಲಿದಾಳೆ. ಮಂಡಿ ನೋವಂತೆ, ಇಳಿಯಲ್ಲ ಅಂದ್ಲು."

ಅರ್ಪೆನಿಕ್ ಎದ್ದಳು. ಹಲಗೆ, ಕಾಲುಚೀಲ ಯಾವುದರ ಕಡೆಗೂ ನೋಡಲಿಲ್ಲ. ನಾಝಿಕ್ "ಎಲ್ಲಿಗೇ?" ಎಂದದ್ದು ಕೇಳಲೂ ಇಲ್ಲ. ಮಗುವಿನ ಕೈ ಹಿಡಿದು ಬಸ್ಸಿನ ಮೆಟ್ಟಿಲು ಹತ್ತಿದಳು. ಕಿಟಕಿಯ ಪಕ್ಕದಲ್ಲಿ ಕಪ್ಪು ಶಾಲು ಹೊದ್ದ ಮುದುಕಿ, ಎಂಬತ್ತರ ಮೇಲಿರಬೇಕು, ಬುತ್ತಿಗಂಟು ಬಿಚ್ಚಿ ರೊಟ್ಟಿಯೊಳಗೆ ಗಿಣ್ಣು ಸುತ್ತುತ್ತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು.

"ಅಕ್ಕಾ, ನೀವು ಅವೆಲುಕ್ ಹೆಣೀತೀರಾ?"

"ಮಾರೋದಕ್ಕೆ ಬಂದಿದೀಯಾ? ನಮ್ಮನೇಲೇ ಬೇಕಾದಷ್ಟಿದೆ ಕಣಮ್ಮ."

"ಮಾರೋಕೆ ಅಲ್ಲ. ಮೂವತ್ತು ವರ್ಷದ ಹಿಂದೆ, ಕತ್ತಲೆ ವರ್ಷದಲ್ಲಿ, ತಗಡಿನ ಮನೆಗಳ ಸಾಲಲ್ಲಿ ಒಂದು ನೀಲಿ ಬಾಗಿಲಿಗೆ ಶುಕ್ರವಾರ ಶುಕ್ರವಾರ ಜಡೆ ಹಾಕ್ತಿದ್ದೋರು ನೀವೇನಾ?"

ಮುದುಕಿ ಸುತ್ತುತ್ತಿದ್ದ ರೊಟ್ಟಿಯನ್ನು ಬುತ್ತಿಗಂಟಿನ ಮೇಲಿಟ್ಟಳು. ಮುಖ ಮಾತ್ರ ಮೆತ್ತಗಾಗಲಿಲ್ಲ, ಗಟ್ಟಿಯಾಯಿತು.

"ಅದು ನಿಂಗ್ಯಾರು ಹೇಳಿದ್ರು? ಆ ವಿಷಯ ಎತ್ತಬೇಡ. ತಿನ್ನದೇ ಇದ್ದ ಸೊಪ್ಪಿನ ಮಾತು ಈಗ್ಯಾಕೆ."

"ತಿನ್ನದೇ ಇದ್ದ? ಅಕ್ಕಾ, ಆ ಬಾಗಿಲು ನಂದು. ನನ್ನ ಮೂರು ಮಕ್ಕಳು ಆ ಚಳಿಗಾಲ ದಾಟಿದ್ದೇ ನಿಮ್ಮ ಸೊಪ್ಪಲ್ಲಿ. ನಿಮ್ಮ ಕೈ ಹುಡುಕ್ಕೊಂಡು..."

"ನಿಂದು ಹೆಂಗೆ ಆಗುತ್ತೆ?" ಎಂದಳು ಝಾಬೆಲ್. "ಅದು ನಮ್ಮಕ್ಕನ ಬಾಗಿಲು. ಹೆರ್ಮಿನೆದು."

ಅರ್ಪೆನಿಕ್ ಎದುರಿನ ಸೀಟಿನಲ್ಲಿ ಕೂತಳು.

ಝಾಬೆಲ್ ಹೇಳಿದ್ದು ಇಷ್ಟು. ಅಕ್ಕತಂಗಿಯರು ಅಮ್ಮನ ಒಂದು ಕಂಬಳಿಯ ಜಗಳದಲ್ಲಿ ಆ ಹೊತ್ತಿಗಾಗಲೇ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದರು. ಭೂಕಂಪದಲ್ಲಿ ಅಕ್ಕನ ಕೈ ಜಜ್ಜಿಹೋಯಿತೆಂದೂ ಈ ಕಡೆ ತಗಡಿನ ಮನೆಯಲ್ಲಿದ್ದಾಳೆಂದೂ ಝಾಬೆಲ್‌ಗೆ ಸುದ್ದಿ ಬಂತು. ಕೈಯಿಲ್ಲದವಳು ಸೊಪ್ಪು ಎಲ್ಲಿ ಕೀಳುತ್ತಾಳೆ, ಎಲ್ಲಿ ಹೆಣೆಯುತ್ತಾಳೆ? ಝಾಬೆಲ್ ಗಿಣ್ಣು ಮಾಡುವಲ್ಲಿ ಕೆಲಸಕ್ಕಿದ್ದಳು. ಶುಕ್ರವಾರ ಬೆಳಿಗ್ಗೆ ಹಾಲಿನ ಲಾರಿ ಈ ದಾರಿಯಲ್ಲೇ ಇಳಿಯುತ್ತಿತ್ತು. ಡ್ರೈವರ್ ಐದು ನಿಮಿಷ ನಿಲ್ಲಿಸುತ್ತಿದ್ದ.

"ಮೂರನೇ ಬಾಗಿಲು ಅಂತ ಹೇಳಿದ್ರು. ರಸ್ತೆಯಿಂದ ಎಣಿಸಿದೆ, ಮೂರನೇದಕ್ಕೆ ಹಾಕಿದೆ."

"ಅಯ್ಯೋ ಅಕ್ಕಾ, ನಮ್ಮಲ್ಲಿ ಎಲ್ಲಾರೂ ಚಿಲುಮೆ ಕಡೆಯಿಂದ ಎಣಿಸ್ತಿದ್ವಿ. ಹಂಗೆ ಎಣಿಸಿದ್ರೆ ಮೂರನೇದು ಹೆರ್ಮಿನೆ ಅಕ್ಕಂದು. ರಸ್ತೆಯಿಂದ ಎಣಿಸಿದ್ರೆ ನಂದು."

ತಾತೆವ್ ಗಿಣ್ಣು ಸುತ್ತಿದ ರೊಟ್ಟಿಯನ್ನು ತಾನೇ ಎತ್ತಿಕೊಂಡು ತಿನ್ನತೊಡಗಿದಳು.

"ಬಾಗಿಲು ಬಡೀಬಹುದಿತ್ತಲ್ಲ ನೀವು," ಎಂದಳು ಅರ್ಪೆನಿಕ್ ಮೆಲ್ಲಗೆ.

"ಬಡಿದ್ರೆ ಮಾತಾಡ್ಬೇಕಲ್ಲ. ಮೊದಲು ಮಾತಾಡಿದೋಳು ಸೋತ ಹಾಗೆ. ಜಡೆ ನೋಡಿದ ತಕ್ಷಣ ಅವಳಿಗೆ ಗೊತ್ತಾಗುತ್ತೆ, ಅಮ್ಮನ ಹೆಣಿಗೆ ಅದು, ನಮ್ಮಿಬ್ಬರನ್ನ ಬಿಟ್ಟು ಯಾರಿಗೂ ಬರಲ್ಲ. ಅವಳೇ ಬರ್ತಾಳೆ ಅಂತ ಕಾದೆ. ಬರಲಿಲ್ಲ. ಅವಳು ಸತ್ತಾಗ ಮಗನ ಮನೆಗೆ ಹೋದೆ. ಅಡುಗೆಮನೇಲಿ ಮೊಳೆಗೆ ನನ್ನ ಜಡೆ ತೂಗ್ತಾ ಇದೆ. ಹಂಗೇ ಇದೆ, ಒಂದೆಲೆ ಮುರಿದಿಲ್ಲ. ನಿನ್ನ ಸೊಪ್ಪು ಮುಟ್ಟಲೂ ಇಲ್ಲ ನೋಡು ಅಂತ ನಂಗೆ ತೋರಿಸೋಕೆ ಇಟ್ಟಿದಾಳೆ ಅಂದ್ಕೊಂಡೆ. ಕಣ್ಣೀರು ಹಾಕದೆ ವಾಪಸು ಬಂದೆ. ಅಕ್ಕ ಸತ್ತರೆ ಅಳದೇ ಇದ್ದೋಳು ಅಂತ ಊರೆಲ್ಲ ಆಡಿಕೊಂಡ್ತು."

ಅರ್ಪೆನಿಕ್‌ಗೆ ಒಂದೊಂದೇ ನೆನಪಾಯಿತು. ಜಡೆಯ ತುದಿ ತಿರುಗಿಸಿ ನೋಡಿದ ಎಡಗೈ. ತಟ್ಟೆಯ ಸುತ್ತ ಕೂತಿದ್ದ ಮಕ್ಕಳನ್ನು ನೋಡುತ್ತ ಕೂತ ಮುಖ. ಹುಡುಕಬೇಡ, ಹುಡುಕಿದ್ರೆ ನಿಂತುಹೋಗುತ್ತೆ. ಮೂವತ್ತು ವರ್ಷ ಒಬ್ಬಳನ್ನು ಹುಡುಕಿದ್ದಳು, ಸಿಕ್ಕಿದ್ದು ಇಬ್ಬರು. ಅವರಲ್ಲೊಬ್ಬಳು ಗೋಡೆಯಾಚೆಯೇ ಇದ್ದು, ತನ್ನ ಪಾಲಿನ ಸೊಪ್ಪನ್ನು ಬಾಯಿಬಿಡದೆ ಬಿಟ್ಟುಕೊಟ್ಟಿದ್ದಳು.

"ಅಕ್ಕಾ, ಕೇಳಿ," ಎಂದು ಝಾಬೆಲ್‌ಳ ಎರಡೂ ಕೈ ಹಿಡಿದುಕೊಂಡಳು. ಯಾವ ಕೈಯನ್ನು ಹಿಡಿಯಬೇಕೆಂದು ಅಷ್ಟು ವರ್ಷ ಹಂಬಲಿಸಿದ್ದಳೋ ಅದೇ ಕೈ, ಒರಟಾಗಿ, ಬೆಚ್ಚಗೆ. "ಅವರಿಗೆ ಗೊತ್ತಾಗಿತ್ತು. ನನ್ನ ಮನೇಲಿ ಜಡೆ ನೋಡಿದ ದಿನಾನೇ ಗೊತ್ತಾಗಿತ್ತು. ಬಾಗಿಲು ತಪ್ಪಿದೆ ಅಂತ ಒಂದು ಮಾತು ಹೇಳಿದ್ರೆ ಸೊಪ್ಪು ಅವರ ಮನೆಗೆ ಹೋಗ್ತಿತ್ತು. ನನ್ನ ಮಕ್ಕಳ ಮುಖ ನೋಡಿ ಹೇಳಲಿಲ್ಲ. ಒಂದೇ ಒಂದು ಜಡೆ ಕೇಳಿ ಇಸಕೊಂಡ್ರು. ಅದನ್ನ ಬೇಯಿಸಲಿಲ್ಲ. ಮನೆ ಬಿಟ್ಟು ಹೋಗುವಾಗ ಮಗು ಥರ ಮಡಿಲಲ್ಲಿಟ್ಟುಕೊಂಡು ಹೋದ್ರು, ನಾನೇ ಕಣ್ಣಾರೆ ನೋಡಿದೀನಿ."

ಝಾಬೆಲ್ ಕೇಳಿದ್ದು ಒಂದೇ.

"ತಿಂದ್ಲಾ? ಒಂದು ಸಲಾನಾದ್ರೂ?"

"ತಿಂದ್ರು. ನಾನು ಸಾರು ಮಾಡಿದ ದಿನ ಎಲ್ಲ ಒಂದು ಬೋಗುಣಿ ಅವರಿಗೆ ಹೋಗಿದೆ. ಒಂದು ದಿನವೂ ತಪ್ಪಿಸಿಲ್ಲ. ಬೆಳ್ಳುಳ್ಳಿ ಕಮ್ಮಿ ಆಯ್ತು ಅಂತ ಬೈದೂ ಇದಾರೆ."

"ಬೆಳ್ಳುಳ್ಳಿ ಅವಳಿಗೆ ಎಷ್ಟು ಹಾಕಿದ್ರೂ ಕಮ್ಮೀನೇ," ಎಂದಳು ಝಾಬೆಲ್. ನಕ್ಕಳೋ ಅತ್ತಳೋ ಹೇಳುವುದು ಕಷ್ಟ. ಶಾಲಿನ ಅಂಚಿನಿಂದ ಮುಖ ಒರೆಸಿಕೊಂಡಳು. "ಆಮೇಲಾದ್ರೂ ಬರಬಹುದಿತ್ತಲ್ಲ ಅವಳು. ಚಳಿಗಾಲ ಮುಗಿದ ಮೇಲೆ."

ಅರ್ಪೆನಿಕ್ ಅವಳ ಜಾರಿದ ಶಾಲನ್ನು ಹೆಗಲಿಗೆ ಎಳೆದಳು.

"ನಾನೂ ಹೋಗಬಹುದಿತ್ತು," ಎಂದಳು ಝಾಬೆಲ್ ತಾನೇ. ಹಿಂದೆಯೇ, "ನಿನ್ನ ಮಕ್ಕಳು ಹೆಂಗಿದಾರೆ?"

"ಮೂವರೂ ಚೆನ್ನಾಗಿದಾರೆ. ಐದು ಮೊಮ್ಮಕ್ಕಳು. ಚಿಕ್ಕವಳ ಹತ್ರ ಹೆರ್ಮಿನೆ ಅಕ್ಕನ ಶಾಲು ಇನ್ನೂ ಇದೆ. ನಿಮ್ಮ ನೋವೆಲ್ಲ ನಂಗಿರಲಿ, ಝಾಬೆಲ್ ಅಕ್ಕ. ಇಷ್ಟು ಹೇಳಬೇಕು ಅಂತಾನೇ ಮೂವತ್ತು ವರ್ಷ ಕಾದಿದೀನಿ."

"ನಿನ್ನ ಪಾಲಿಗೆ ನಾನು ಹಾಕಿದ್ದಲ್ಲ ಅದು."

"ಗೊತ್ತಾಯ್ತಲ್ಲ. ಹೊಟ್ಟೆಗೆ ಹೋದದ್ದು ನನ್ನ ಮಕ್ಕಳದೇ. ನಾನು ಇನ್ಯಾರ ಹತ್ರ ಹೋಗಿ ಹೇಳಲಿ?"

ಝಾಬೆಲ್ ಮಂಡಿಯ ಮೇಲೆ ಕೈಯೂರಿದಳು. "ಎಬ್ಬಿಸು. ಇಳೀತೀನಿ."

ಡ್ರೈವರ್ ಹ್ರಾಂತ್ ಹೊರಗೆ ಸೂರ್ಯಕಾಂತಿ ಬೀಜ ಮೆಲ್ಲುತ್ತಿದ್ದವನು ಹೌಹಾರಿದ. "ಬೆಳಗಿಂದ ಇಳಿಯಲ್ಲ ಅಂದ್ರಲ್ಲ ಅಜ್ಜಿ, ಈಗ ಹೊರಡೋ ಹೊತ್ತಾಯ್ತು."

"ಹೊತ್ತು ನಿಂಗೊಬ್ಬನಿಗೇ ಆಗೋದಲ್ಲ, ಕಾಯಿ. ಅಷ್ಟು ಅವಸರ ಇದ್ರೆ ಎತ್ಕೊಂಡು ನಡಿ."

ಹ್ರಾಂತ್ ಎತ್ತಿಕೊಳ್ಳಲಿಲ್ಲ, ತೋಳು ಕೊಟ್ಟ. ಒಂದು ಪಕ್ಕ ಅವನು, ಇನ್ನೊಂದು ಪಕ್ಕ ಅರ್ಪೆನಿಕ್, ಮುಂದೆ ತಾತೆವ್. ಇಳಿಜಾರು ಹತ್ತಿ ಘಾತ್‌ನ ಹತ್ತಿರ ನಿಂತರು. ಅರ್ಪೆನಿಕ್ ಆ ವರ್ಷದ ಜಡೆಯನ್ನು ಕಲ್ಲಿನಿಂದ ಇಳಿಸಿದಳು. ಇನ್ನೂ ಅರ್ಧ ಹಸಿರಾಗಿತ್ತು. ಝಾಬೆಲ್ ಅದನ್ನು ಕೈಗೆ ತೆಗೆದುಕೊಂಡು ಸವರಿ ನೋಡಿ ಮೂಗು ಮುರಿದಳು.

"ಇದೇನು ಹಗ್ಗಾನಾ? ದಾರ ಬೇರೆ ಕಟ್ಟಿದೀಯ."

ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಪೂರಾ ಬಿಚ್ಚಿ ಹೊಸದಾಗಿ ಹೆಣೆಯತೊಡಗಿದಳು. ಕಣ್ಣು ಕಾಣದಿದ್ದರೂ ಬೆರಳಿಗೆ ದಾರಿ ತಿಳಿದಿತ್ತು. ಅರ್ಪೆನಿಕ್ ಪಕ್ಕದಲ್ಲಿ ಬಗ್ಗಿ ನೋಡಿದಳು. ನಾಲ್ಕನೆಯ ಎಳೆಯನ್ನು ಮೇಲಿಂದಲ್ಲ, ಹಿಂದಿನಿಂದ ತರಬೇಕಿತ್ತು. ಇಷ್ಟು ವರ್ಷ ದಕ್ಕದೆ ಹೋದದ್ದು ಅಷ್ಟೇ.

ಹೆರ್ಮಿನೆಯ ಅಕ್ಷರ ಹೋ. ಘಾತ್‌ಗಿಂತ ಎರಡು ಹಿಂದಿನದು. ಹೆಣೆದ ಜಡೆ ಹಿಡಿದು ಅಲ್ಲಿಗೆ ನಡೆದರು. ಅದರ ಬುಡದಲ್ಲಿ ಎರಡು ವರ್ಷದ ಹಿಂದೆ ಅರ್ಪೆನಿಕ್ ಯಾರಿಗೆಂದು ತಿಳಿಯದೆ ಹಾಕಿದ್ದ ಜಡೆಯ ದಾರದ ತುಂಡು ಹುಲ್ಲಿನಲ್ಲಿ ಇನ್ನೂ ಸಿಕ್ಕಿಕೊಂಡಿತ್ತು. ಅವಳು ಅದನ್ನು ಹೆಕ್ಕಿ ಕಿಸೆಗೆ ಹಾಕಿಕೊಂಡಳು. ದೂರದಿಂದ ನಾಝಿಕ್ ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು.

ಝಾಬೆಲ್ ಜಡೆಯ ತುದಿ ಮಡಿಸಿ ಒಳಗೆ ಸೇರಿಸಿದಳು. ಕಲ್ಲಿನ ತೋಳನ್ನು ತಡವಿ ಹಿಡಿದುಕೊಂಡಳು. ಜಡೆ ಹಾಕಲು ಕೈಯೆತ್ತಿದವಳು ಅರ್ಧದಲ್ಲಿ ನಿಂತು ಮರಿಮಗಳನ್ನು ಕರೆದಳು.

"ತಾತೆವ್, ಇಲ್ಲಿ ಬಾ. ಹೊಸದಾಗಿ ಕಲಿತಿದೀಯಲ್ಲ, ಸರಿಯಾಗಿ ನೋಡಿ ಹೇಳು. ಇದ್ಯಾವ ಅಕ್ಷರ?"

"ಹೋ, ಅಜ್ಜಿ."

"ಖಂಡಿತಾನಾ? ಇನ್ನೊಂದು ಸಲ ನೋಡು."

ಮಗು ಎರಡು ಹೆಜ್ಜೆ ಹಿಂದೆ ಸರಿದು, ಕಲ್ಲನ್ನು ಮೇಲಿಂದ ಕೆಳಗೆ ನೋಡಿ, ಗಾಳಿಯಲ್ಲಿ ಬೆರಳಿಂದ ಬರೆದೂ ನೋಡಿತು. "ಹೋ ನೇ ಅಜ್ಜಿ. ಬೇರೆ ಯಾವುದೂ ಹಿಂಗಿರಲ್ಲ."

ಝಾಬೆಲ್ ಜಡೆ ತೂಗುಹಾಕಿದಳು. ಬಾಗಿಲು ಬಡಿಯುವ ಹಾಗೆ ಬೆರಳ ಗೆಣ್ಣಿನಿಂದ ಕಲ್ಲನ್ನು ಎರಡು ಸಲ ಬಡಿದಳು.

"ಹೆರ್ಮಿನೆ," ಎಂದಳು, "ನಾನು ಕಣೇ, ಝಾಬೆಲ್. ಈ ಸಲ ಮಗೂನ ಕೇಳ್ಕೊಂಡೇ ಬಂದಿದೀನಿ."